ಫ್ಯಾನ್ ತಿರುಗಿತೆಂದು ಎಸ್‌ಎಂಪಿಎಸ್ ನಂಬಬೇಡಿ, ಹಳೆಯ ಕೇಬಲನ್ನಂತೂ ನಂಬಲೇಬೇಡಿ

ನನ್ನ ಡೆಸ್ಕ್‌ಟಾಪ್‌ನ ಎಸ್‌ಎಸ್‌ಡಿ ಸತ್ತಿದೆ, ಹಾರ್ಡ್ ಡಿಸ್ಕ್ ಮೂಕವಾಗಿದೆ. ಎರಡನ್ನೂ ಕೆಡಿಸಿದ್ದು ನಾನೇ, ಅದೂ ಎಸ್‌ಎಂಪಿಎಸ್ (ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಡಬ್ಬ) ಕೈಕೊಟ್ಟ ಯಂತ್ರವನ್ನು ರಿಪೇರಿ ಮಾಡುವ ಹುಮ್ಮಸ್ಸಿನಲ್ಲಿ. ನಿಮ್ಮ ಯಂತ್ರವೂ ಆಗಾಗ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಇದನ್ನು ಓದಿ.

ಬೆಳಿಗ್ಗೆ ಪವರ್ ಬಟನ್ ಒತ್ತಿದರೆ ಫ್ಯಾನ್ ಅರೆಕ್ಷಣ ಅಲುಗಾಡಿ ನಿಂತುಬಿಡುತ್ತಿತ್ತು. ಎರಡನೆಯ ಸಲಕ್ಕೋ ಮೂರನೆಯ ಸಲಕ್ಕೋ ಏನೂ ಆಗಿಲ್ಲವೆಂಬಂತೆ ಏಳುತ್ತಿತ್ತು. ಬಟನ್ ಸವೆದಿರಬೇಕು ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದೆ. ಎಸ್‌ಎಂಪಿಎಸ್ ಒಳಗಿನ ಮುಪ್ಪಾದ ಕೆಪಾಸಿಟರ್‌ಗಳು (ಚಾರ್ಜ್ ಹಿಡಿದಿಡುವ ಬಿಡಿಭಾಗಗಳು) ತಣ್ಣಗಿದ್ದಾಗ ಹೀಗೆಯೇ ತಿಣುಕುತ್ತವೆ ಎಂದು ಗೊತ್ತಾದದ್ದು ಬಹಳ ತಡವಾಗಿ. ಆಮೇಲೆ ವಿಡಿಯೋ ಎಡಿಟ್ ಮಾಡುವಾಗ ಪರದೆ ಪಟ್ಟನೆ ಕಪ್ಪಾಗಿ ಯಂತ್ರ ಮೊದಲಿನಿಂದ ಬೂಟ್ ಆಗತೊಡಗಿತು. ನೀಲಿ ಪರದೆಯಿಲ್ಲ, ದೋಷದ ಸಂದೇಶವಿಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ಸಿಕ್ಕಿದ್ದು ಒಂದೇ ನಮೂದು: ಕರ್ನಲ್-ಪವರ್ 41.

ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಗಿತ್ತು ಎಂದಷ್ಟೇ ಆ ನಮೂದಿನ ಅರ್ಥ. ಯಾಕೆ ನಿಂತಿತು ಎಂಬುದನ್ನು ನಾನೇ ಊಹಿಸಿದೆ. ಅಲ್ಲಿಂದ ಶುರುವಾಯಿತು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ. ರ‍್ಯಾಮ್ ಬಿಚ್ಚಿ ಒರೆಸಿ ಹಾಕಿದೆ. ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದೆ, ಒಂದೂ ದೋಷ ಸಿಗಲಿಲ್ಲ. ಪ್ರೊಸೆಸರ್ ಮೇಲಿನ ಪೇಸ್ಟ್ ಬದಲಿಸಿದೆ. ವಿಂಡೋಸ್ ಹೊಸದಾಗಿ ಹಾಕಿದೆ. ಕೊನೆಗೆ ಗ್ರಾಫಿಕ್ಸ್ ಕಾರ್ಡನ್ನೇ ಅನುಮಾನಿಸಿ ಹೊಸದನ್ನು ತಂದೆ. ಅದು ಹಳೆಯದಕ್ಕಿಂತ ಹೆಚ್ಚು ವಿದ್ಯುತ್ ಎಳೆಯುವ ಕಾರ್ಡ್. ಮೊದಲು ಅರ್ಧ ಗಂಟೆಗೊಮ್ಮೆ ಆಗುತ್ತಿದ್ದ ರೀಸ್ಟಾರ್ಟ್ ಈಗ ಐದೇ ನಿಮಿಷಕ್ಕೆ ಆಗತೊಡಗಿತು. ಇಷ್ಟು ಸ್ಪಷ್ಟವಾದ ಸುಳಿವನ್ನು ಕೈಯಲ್ಲಿ ಹಿಡಿದುಕೊಂಡು ನಾನು ಡ್ರೈವರ್ ಅಪ್‌ಡೇಟ್ ಮಾಡುತ್ತ ಕುಳಿತಿದ್ದೆ.

ಎಸ್‌ಎಂಪಿಎಸ್ ಮೇಲೆ ನನಗೆ ಅನುಮಾನ ಬಂದಿರಲಿಲ್ಲವೆಂದಲ್ಲ. ಬಂದಿತ್ತು, ಪರೀಕ್ಷೆಯನ್ನೂ ಮಾಡಿದ್ದೆ. ಎಲ್ಲರೂ ಹೇಳುವ ಪೇಪರ್ ಕ್ಲಿಪ್ ಪರೀಕ್ಷೆ ಅದು. ಮದರ್‌ಬೋರ್ಡ್‌ಗೆ ಹೋಗುವ 24 ಪಿನ್ ಕನೆಕ್ಟರ್ ಬಿಡಿಸಿ, ಹಸಿರು ತಂತಿಗೂ ಪಕ್ಕದ ಕಪ್ಪು ತಂತಿಗೂ ಕ್ಲಿಪ್ಪಿನಿಂದ ಸೇತುವೆ ಕಟ್ಟಿ ಸ್ವಿಚ್ ಹಾಕುವುದು. ಫ್ಯಾನ್ ಗರಗರನೆ ತಿರುಗಿತು. ಎಸ್‌ಎಂಪಿಎಸ್ ಗಟ್ಟಿಮುಟ್ಟಾಗಿದೆ ಎಂದು ತೀರ್ಪು ಕೊಟ್ಟುಬಿಟ್ಟೆ. ಮೂಟೆ ಹೊರಬಲ್ಲನೇ ಎಂದು ತಿಳಿಯಲು ಹಮಾಲಿಯನ್ನು ಬರಿಗೈಯಲ್ಲಿ ನಡೆಸಿ ನೋಡಿದಂತಾಯಿತು. ಆ ಪರೀಕ್ಷೆಯಲ್ಲಿ ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ತಿರುಗಿದರೆ ಮಾತ್ರ ಏನೂ ಸಾಬೀತಾಗುವುದಿಲ್ಲ.

ಸತ್ಯ ತಿಳಿದದ್ದು ಗೆಳೆಯನೊಬ್ಬ ಮಲ್ಟಿಮೀಟರ್ ತಂದಾಗ. ಬಳಸದೆ ಜೋತುಬಿದ್ದಿದ್ದ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರಿನ ಕಪ್ಪು ತಂತಿಗೆ ಒಂದು ಮೊನೆ, ಹಳದಿಗೆ ಇನ್ನೊಂದು ಮೊನೆ ಚುಚ್ಚಿದ. ಯಂತ್ರ ಸುಮ್ಮನಿದ್ದಾಗ 12.1 ವೋಲ್ಟ್. "ಈಗ ಅದಕ್ಕೆ ಕೆಲಸ ಕೊಡು" ಎಂದ. ವಿಡಿಯೋ ರೆಂಡರ್ ಹಚ್ಚಿದೆ. 11.7, 11.5, 11.3. ಅಂಕಿ ಇಳಿಯುವುದನ್ನು ಇಬ್ಬರೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು. 11.2ಕ್ಕೆ ಬಂದದ್ದೇ ತಡ, ಪರದೆ ಕಪ್ಪಾಯಿತು. ಹಳದಿ ತಂತಿಯ ಆ 12 ವೋಲ್ಟ್ ಲೈನಿನಲ್ಲಿ ಒಪ್ಪಬಹುದಾದ ಏರಿಳಿತ ಶೇ. 5, ಅಂದರೆ 11.4ರಿಂದ 12.6ರವರೆಗೆ. ಕೆಂಪು ತಂತಿಯ 5 ವೋಲ್ಟ್‌ಗಾದರೆ 4.75ರಿಂದ 5.25. ವೋಲ್ಟೇಜ್ ಕುಸಿದಾಗ ಎಸ್‌ಎಂಪಿಎಸ್ ತನ್ನ 'ಪವರ್ ಗುಡ್' ಸಂಕೇತವನ್ನು ಕೈಬಿಡುತ್ತದೆ, ಮದರ್‌ಬೋರ್ಡ್ ಆ ಕ್ಷಣವೇ ಎಲ್ಲವನ್ನೂ ರೀಸೆಟ್ ಮಾಡುತ್ತದೆ. ವಿಂಡೋಸ್‌ಗೆ ನೀಲಿ ಪರದೆ ತೋರಿಸಲೂ ಪುರುಸೊತ್ತು ಸಿಗುವುದಿಲ್ಲ.

ಮಲ್ಟಿಮೀಟರ್ ಕೂಡ ಸರ್ವಜ್ಞನಲ್ಲ. ಕಣ್ಣುಮಿಟುಕಿಸುವಷ್ಟರಲ್ಲಿ ಆಗಿಹೋಗುವ ಕುಸಿತ ಅದಕ್ಕೆ ಕಾಣಿಸದು. ಬಯೋಸ್‌ನಲ್ಲಿ, ಸಾಫ್ಟ್‌ವೇರ್‌ನಲ್ಲಿ ಕಾಣುವ ವೋಲ್ಟೇಜ್ ಅಂಕಿಗಳನ್ನಂತೂ ನೆಚ್ಚಿಕೊಳ್ಳಬೇಡಿ. ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು, ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ಅದೇ ಕೆಲಸ ಕೊಟ್ಟು ನೋಡುವುದು. ಉಬ್ಬಿದ ಕೆಪಾಸಿಟರ್ ಕಾಣಬಹುದೆಂದು ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟ್‌ಗೂ ಮೀರಿ ಚಾರ್ಜ್ ಹಿಡಿದಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹೊಸ ಎಸ್‌ಎಂಪಿಎಸ್ ತಂದೆ. ಹಳೆಯದರಂತೆ ಇದೂ ಮಾಡ್ಯುಲರ್, ಅಂದರೆ ಎರಡೂ ತುದಿಗಳಲ್ಲಿ ಕೇಬಲ್ ಬಿಚ್ಚಬಹುದಾದದ್ದು. ಕಂಪನಿಯೂ ಅದೇ, ಮಾದರಿ ಬೇರೆ. ಹಳೆಯ ಕೇಬಲ್‌ಗಳು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಅಚ್ಚುಕಟ್ಟಾಗಿ ಟೈ ಹಾಕಿಸಿಕೊಂಡು ಕುಳಿತಿದ್ದವು. ಅವನ್ನೆಲ್ಲ ಕಿತ್ತು ಹೊಸದನ್ನು ಎಳೆಯಲು ಸೋಮಾರಿತನ. 24 ಪಿನ್ನಿನದನ್ನೂ ಗ್ರಾಫಿಕ್ಸ್ ಕಾರ್ಡಿನದನ್ನೂ ಬದಲಿಸಿ, ಡಿಸ್ಕ್‌ಗಳಿಗೆ ವಿದ್ಯುತ್ ಒಯ್ಯುವ ಸಾಟಾ ಕೇಬಲ್ ಒಂದನ್ನು ಹಳೆಯದನ್ನೇ ಉಳಿಸಿಕೊಂಡೆ. ಅದರ ತುದಿ ಹೊಸ ಡಬ್ಬದ ರಂಧ್ರಕ್ಕೆ 'ಟಕ್' ಎಂದು ಕುಳಿತಿತು, ಒಂದಿಷ್ಟೂ ಒತ್ತಾಯ ಮಾಡಬೇಕಾಗಲಿಲ್ಲ. ಸ್ವಿಚ್ ಹಾಕಿದೆ. ಸಣ್ಣದಾಗಿ ಚಟ್ ಎಂಬ ಸದ್ದು, ಹಿಂದೆಯೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

ಕೇಬಲ್ಲಿನ ಡಿಸ್ಕ್ ಕಡೆಯ ತುದಿಗೆ ಗೊತ್ತಾದ ಮಾನದಂಡವಿದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥದ್ದೇನೂ ಇಲ್ಲ. ಯಾವ ಪಿನ್ನಿನಲ್ಲಿ 12 ವೋಲ್ಟ್, ಯಾವುದರಲ್ಲಿ 5 ವೋಲ್ಟ್ ಎಂಬುದು ತಯಾರಕರ ಇಷ್ಟ, ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಬೇರೆ ಇರಬಹುದು. ಆಕಾರ ಮಾತ್ರ ಎಷ್ಟೋ ಸಲ ಒಂದೇ. ಆಮೇಲೆ ಮಲ್ಟಿಮೀಟರ್ ಹಿಡಿದು ನೋಡಿದರೆ ಡಿಸ್ಕಿಗೆ 5 ವೋಲ್ಟ್ ಬರಬೇಕಾದ ಜಾಗದಲ್ಲಿ 12 ವೋಲ್ಟ್ ಕುಣಿಯುತ್ತಿತ್ತು. ಇದನ್ನು ಡಿಸ್ಕ್ ಜೋಡಿಸುವ ಮೊದಲು ನೋಡಿದ್ದರೆ ಎರಡು ನಿಮಿಷದ ಕೆಲಸ.

ಹಾರ್ಡ್ ಡಿಸ್ಕ್ ಜೋಡಿಸಿದರೆ ಈಗ ಎಸ್‌ಎಂಪಿಎಸ್ ಏಳುವುದೇ ಇಲ್ಲ, ಬಿಡಿಸಿದರೆ ಏಳುತ್ತದೆ. ಹೆಚ್ಚು ವೋಲ್ಟೇಜ್ ಬಂದಾಗ ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಯುವ ಪುಟ್ಟ ಡಯೋಡ್ ಅದರ ಬೋರ್ಡಿನಲ್ಲಿರುತ್ತದಂತೆ. ಬಲಿಯಾದದ್ದು ಅದೊಂದೇ ಆಗಿದ್ದರೆ ಮಾಹಿತಿ ಉಳಿದಿರುವ ಆಸೆಯಿದೆ ಎಂದಿದ್ದಾರೆ ಡೇಟಾ ರಿಕವರಿ ಮಾಡುವವರು. ಡಿಸ್ಕ್ ಅವರ ಬಳಿ ಇದೆ, ನಾನು ಬೆರಳೂ ತಾಗಿಸಿಲ್ಲ. ಎಸ್‌ಎಸ್‌ಡಿ ಬಗ್ಗೆ ಅವರು ತಲೆಯಾಡಿಸಿ ಸುಮ್ಮನಾದರು.

ಹಳೆಯ ಕೇಬಲ್‌ಗಳು ಡ್ರಾಯರಿನಲ್ಲಿದ್ದವು. ಮುಂದೊಂದು ದಿನ ಯಾರಾದರೂ, ಬಹುಶಃ ನಾನೇ, ಆಕಾರ ನೋಡಿ ಎತ್ತಿಕೊಂಡುಬಿಟ್ಟರೆ? ಮೊನ್ನೆ ಕುಳಿತು ಅವುಗಳ ತುದಿಗಳನ್ನೆಲ್ಲ ಕತ್ತರಿಸಿ ಹಾಕಿದೆ.