ಬಟವಾಡಿ ಕಡೆಯ ಸೈಬರ್ ಅಂಗಡಿ: ಅಪ್ರೆಂಟಿಸ್ ಸಂಬಳದ ಗಂಟು ಬಿಡಿಸಿದ್ದಕ್ಕೆ ಐದರಲ್ಲಿ ನಾಲ್ಕು

ಮೊದಲೇ ಹೇಳಿಬಿಡುತ್ತೇನೆ, ಇದು ಆಫೀಸಲ್ಲ, ಲಾಯರ್ ಮನೆಯೂ ಅಲ್ಲ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಬಟವಾಡಿ ಕಡೆ ಬಂದು ಒಳಗೆ ತಿರುಗಿದರೆ ಸಿಗುವ ಒಂದು ಸೈಬರ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನ್, ಕೂರೋಕೆ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ. ಯಜಮಾನರಿಗೆ ಹೆಸರು ಹಾಕುವುದು ಇಷ್ಟವಿಲ್ಲ, ಇರುವ ಗಿರಾಕಿಗಳೇ ಸಾಕಾಗಿದ್ದಾರಂತೆ. ಅದಕ್ಕೆ ಹಾಕುತ್ತಿಲ್ಲ. ಗೋಡೆ ಮೇಲೆ ಜಾತಿ ಪ್ರಮಾಣಪತ್ರ, ಪಹಣಿ, ಪ್ಯಾನ್ ಕಾರ್ಡ್ ಅಂತ ಪ್ರಿಂಟ್ ಮಾಡಿದ ಪಟ್ಟಿ ಇದೆ. ಅದರ ಕೊನೆಗೆ ಪೆನ್ನಿನಲ್ಲಿ "ಅಪ್ರೆಂಟಿಸ್ ಅರ್ಜಿ" ಅಂತ ಸೇರಿಸಿದ್ದಾರೆ. ನನಗೆ ಉಪಯೋಗಕ್ಕೆ ಬಂದಿದ್ದು ಆ ಕೊನೆ ಸಾಲು.

ನನ್ನದು ಹೊಲಿಗೆ ಅಂಗಡಿ. ಫ್ಯಾಕ್ಟರಿ ಕಾನೂನು ನನಗೆಲ್ಲಿ ಗೊತ್ತಾಗಬೇಕು? ಇದು 2024ರ ಮಾತು. ನನ್ನ ತಂಗಿ ಮಗ ಐಟಿಐ ಫಿಟ್ಟರ್ ಮುಗಿಸಿ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಿಂದ ಒಂದು ಹಾಳೆಯ ಲೆಟರ್ ತಂದ. ಒಂದು ವರ್ಷ ಟ್ರೈನಿ, ತಿಂಗಳಿಗೆ 6,000, ಅದರಲ್ಲಿ ಊಟ ಬಸ್ಸಿಗೆ 900 ಕಟ್. ಇದೇನು ಇಷ್ಟು ಕಮ್ಮಿ ಅಂತ ಅವನು ಅಲ್ಲೇ ಕೇಳಿದ್ದಾನೆ. "ಅಪ್ರೆಂಟಿಸ್‌ಗಳಿಗೆ ಮಿನಿಮಮ್ ವೇಜ್ ಇಲ್ಲಪ್ಪ, ಕಾನೂನೇ ಹಂಗಿರೋದು" ಅಂದರಂತೆ. ನಮಗೂ ಹೌದೇನೋ ಅನ್ನಿಸಿತು. ಕಲಿಯೋ ಹುಡುಗನಿಗೆ ಯಾರು ತಾನೆ ಪೂರ್ತಿ ಸಂಬಳ ಕೊಡ್ತಾರೆ? ಸಹಿ ಹಾಕೋಕೆ ಮುಂಚೆ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಬೇಕಿತ್ತು. ಅದೊಂದು ಕಾರಣಕ್ಕೆ ಈ ಅಂಗಡಿಗೆ ಹೋದೆವು.

ಯಜಮಾನರು ಜೆರಾಕ್ಸ್ ಮಾಡುತ್ತಾ ಲೆಟರ್ ನೋಡಿದರು. ಮಷೀನ್ ನಿಲ್ಲಿಸಿದರು. ಕನ್ನಡಕ ಹಣೆ ಮೇಲಿಂದ ಕೆಳಕ್ಕೆ ಬಂತು. ಸ್ಟೀಲ್ ಸ್ಕೇಲ್ ತಗೊಂಡು ಒಂದೊಂದು ಸಾಲಿನ ಕೆಳಗೂ ಇಟ್ಟು, ತುಟಿ ಅಲ್ಲಾಡಿಸಿಕೊಂಡು ಓದಿದರು. ಆಮೇಲೆ ಹಾಳೆ ಹುಡುಗನ ಕಡೆ ತಿರುಗಿಸಿ, "ಇದರಲ್ಲಿ ಅಪ್ರೆಂಟಿಸ್ ಅನ್ನೋ ಪದ ಎಲ್ಲಿದೆ ತೋರಿಸಪ್ಪ" ಅಂದರು. ಅವನು ಹುಡುಕಿದ. ನಾನೂ ಹುಡುಕಿದೆ. ಇರಲಿಲ್ಲ! ಬಾಯಲ್ಲಿ ಅಪ್ರೆಂಟಿಸ್ ಅಂದಿದ್ದಾರೆ, ಪೇಪರಲ್ಲಿ ಟ್ರೈನಿ ಅಂತ ಬರೆದಿದ್ದಾರೆ. "ಸರಿ, ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಕಾಂಟ್ರಾಕ್ಟ್ ಮಾಡಿದ್ದಾರಾ, ಅದರ ನಂಬರ್ ಕೊಟ್ಟಿದ್ದಾರಾ?" ಅದೂ ಇಲ್ಲ.

ಆಮೇಲೆ ಅವರು ಹೇಳಿದ್ದನ್ನ ನನಗೆ ಅರ್ಥ ಆದ ಹಾಗೆ ಬರೆಯುತ್ತೇನೆ. ಕಂಪನಿಯವರು ಹೇಳಿದ್ದು ಅರ್ಧ ನಿಜ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಪ್ರೆಂಟಿಸ್ ಅಂದರೆ ಕಲಿಯುವವನು, ಕೆಲಸಗಾರ ಅಲ್ಲ. ಅದಕ್ಕೇ ಕನಿಷ್ಠ ವೇತನದ ಕಾನೂನು ಅವನಿಗೆ ಬರಲ್ಲ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಆದರೆ ಅದರ ಬದಲಿಗೆ ಅದೇ ಕಾಯ್ದೆ ಸ್ಟೈಪೆಂಡ್ ಅಂತ ಬೇರೆ ಒಂದು ತಳ ಹಾಕಿದೆ, ಅದಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ನಾವು ಹೋದಾಗ ನಡೆಯುತ್ತಿದ್ದ 2019ರ ನಿಯಮದಲ್ಲಿ ಐದರಿಂದ ಒಂಬತ್ತನೇ ಕ್ಲಾಸ್ ಓದಿದವರಿಗೆ 5,000, ಎಸ್ಸೆಸ್ಸೆಲ್ಸಿಗೆ 6,000, ಪಿಯುಸಿ ಅಥವಾ ಐಟಿಐ ಆಗಿದ್ದರೆ 7,000, ಡಿಪ್ಲೊಮಾಗೆ 8,000, ಡಿಗ್ರಿಗೆ 9,000. ತರಬೇತಿ ಎರಡನೇ ವರ್ಷಕ್ಕೆ ಹೋದರೆ ಶೇಕಡ 10 ಜಾಸ್ತಿ, ಮೂರನೇ ವರ್ಷಕ್ಕೆ ಇನ್ನೂ ಶೇಕಡ 15. ನಮ್ಮ ಹುಡುಗ ಐಟಿಐ. ಅಂದರೆ ನಿಜವಾದ ಅಪ್ರೆಂಟಿಸ್ ಆಗಿದ್ದರೆ 7,000ಕ್ಕೆ ಕಮ್ಮಿ ಕೊಡೋಕಾಗಲ್ಲ. ಕಾಂಟ್ರಾಕ್ಟೇ ಇಲ್ಲದೆ ಮಷೀನ್ ಮುಂದೆ ನಿಲ್ಲಿಸಿ ಕೆಲಸ ತೆಗೆದರೆ ಅವನು ಕೆಲಸಗಾರ, ಆಗ ಕನಿಷ್ಠ ವೇತನವೇ ಕೊಡಬೇಕು.

"ಈ ಕಡೆಯಿಂದ ನೋಡಿದ್ರೂ ಆ ಕಡೆಯಿಂದ ನೋಡಿದ್ರೂ ಆರು ಸಾವಿರ ನಿಲ್ಲಲ್ಲಮ್ಮ" ಅಂತ ಕೆಂಪು ಪೆನ್ನಿನಲ್ಲಿ 6,000ದ ಸುತ್ತ ಒಂದು ಸೊನ್ನೆ ಹಾಕಿದರು. ನಮ್ಮ ಒರಿಜಿನಲ್ ಲೆಟರ್ ಮೇಲೇ ಹಾಕಿಬಿಟ್ಟರು, ಅದೊಂದು ಬೇಜಾರು.

ಇನ್ನೂ ಕೆಲವು ವಿಷಯ ಗೊತ್ತಾಯಿತು. ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನ ಒಳಗೆ ಕೊಡಬೇಕು. ಇಷ್ಟು ಪೀಸ್ ಮಾಡಿದರೆ ಇಷ್ಟು ದುಡ್ಡು ಅನ್ನೋ ಲೆಕ್ಕದಲ್ಲಿ ಅಪ್ರೆಂಟಿಸ್‌ಗೆ ಕೊಡೋ ಹಾಗಿಲ್ಲ. ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಅನ್ನೋ ಸರ್ಕಾರಿ ಅಧಿಕಾರಿಯ ಒಪ್ಪಿಗೆ ಇಲ್ಲದೆ ಓಟಿ ಮಾಡಿಸೋ ಹಾಗಿಲ್ಲ. ಕೈಗೆ ಕಾಲಿಗೆ ಏಟಾದರೆ ಕೆಲಸಗಾರರಿಗೆ ಕೊಡುವ ಪರಿಹಾರದ ಕಾನೂನು ಇವರಿಗೂ ಅನ್ವಯಿಸುತ್ತದೆ. ಕಂಪನಿ ಕಡೆಯ ತಪ್ಪಿನಿಂದ ಕಾಂಟ್ರಾಕ್ಟ್ ಮುರಿದರೆ ಕೊನೆಗೆ ಬಂದ ಸ್ಟೈಪೆಂಡಿನ ಮೂರು ತಿಂಗಳಷ್ಟು ಕೊಡಬೇಕು. ಹುಡುಗ ಸುಮ್ನೆ ಅರ್ಧಕ್ಕೆ ಬಿಟ್ಟು ಬಂದರೆ ತರಬೇತಿ ಖರ್ಚು ಅವನ ತಲೆ ಮೇಲೂ ಬೀಳಬಹುದು, ಅದನ್ನೂ ಮುಚ್ಚುಮರೆ ಇಲ್ಲದೆ ಹೇಳಿದರು. ಮುಗಿದ ಮೇಲೆ ಅಲ್ಲೇ ಕೆಲಸ ಕೊಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ಇದನ್ನು ಕೇಳಿ ನನ್ನ ತಂಗಿಯ ಮುಖ ಸಣ್ಣದಾಯಿತು.

ಆ ಲೆಟರ್‌ಗೆ ಸಹಿ ಹಾಕಲಿಲ್ಲ. ಯಜಮಾನರು ಪೋರ್ಟಲ್‌ನಲ್ಲಿ ಹುಡುಗನ ಹೆಸರು ನೋಂದಾಯಿಸಿ, ಅಲ್ಲೇ ಕಂಪನಿಗಳ ಪಟ್ಟಿ ತೆಗೆದು ನಾಲ್ಕು ಕಡೆ ಅರ್ಜಿ ಹಾಕಿದರು. 200 ರೂಪಾಯಿ ತಗೊಂಡರು. "ನೋಂದಣಿ ಫ್ರೀ, ಮೊಬೈಲಲ್ಲೂ ಮಾಡ್ಕೋಬೋದು, ಈ ದುಡ್ಡು ನಾನು ಕೂತಿದ್ದಕ್ಕೆ" ಅಂತ ಬಾಯಿಬಿಟ್ಟು ಹೇಳಿದರು. ಇಂಥದ್ದನ್ನು ಹೇಳುವ ಸೈಬರ್ ನಾನು ಬೇರೆ ಕಡೆ ಕಂಡಿಲ್ಲ. ಆದರೆ ಮೂರೂವರೆ ಗಂಟೆ ಹಿಡಿಯಿತು ಸ್ವಾಮಿ. ಸರ್ವರ್ ಇಲ್ಲ, ಬಂತು, ಹೋಯಿತು. ಒಟಿಪಿ ಬಂದಿದ್ದು ನನ್ನ ಭಾವನ ಫೋನಿಗೆ, ಅವರಿದ್ದಿದ್ದು ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆಗಳ ನಡುವೆ. ನಾವು ಆಚೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದರೂ ಪರದೆ ಮೇಲೆ ಆ ಚಕ್ರ ಇನ್ನೂ ತಿರುಗುತ್ತಲೇ ಇತ್ತು.

ಒಂದೂವರೆ ತಿಂಗಳಿಗೆ ಇನ್ನೊಂದು ಕಂಪನಿಯಿಂದ ಕರೆ ಬಂತು. ಪೋರ್ಟಲ್‌ನಲ್ಲೇ ಕಾಂಟ್ರಾಕ್ಟ್, ನಂಬರ್ ಇದೆ, ತಿಂಗಳಿಗೆ 8,000. ಯಜಮಾನರು ಮುಂಚೆಯೇ ಹೇಳಿದ್ದರು, 7,000 ಅನ್ನೋದು ತಳ ಅಷ್ಟೇ, ಜಾಸ್ತಿ ಕೊಡೋರಿಗೆ ಯಾರೂ ಅಡ್ಡ ಇಲ್ಲ ಅಂತ. ಖುಷಿಯಾಯಿತು. ಮೊದಲ ತಿಂಗಳ ದುಡ್ಡು ಬಂತು, ಮೊಬೈಲ್ ನೋಡಿದರೆ 6,500. 8,000 ಇಲ್ಲ, ಹೋಗಲಿ 7,000ವೂ ಇಲ್ಲ! ತಂಗಿ ಅತ್ತಳು, ನಾನು ಅಂಗಡಿ ಮುಚ್ಚಿ ಪಾಸ್‌ಬುಕ್ ಹಿಡಿದು ಬಟವಾಡಿಗೆ ಓಡಿದೆ.

ಇಲ್ಲಿಯೇ ನಾನು ಒಂದು ಸ್ಟಾರ್ ಕಟ್ ಮಾಡಿದ್ದು. ಯಜಮಾನರು ನಕ್ಕು, "ಅಯ್ಯೋ, ಅದನ್ನ ಹೇಳಿರ್ಲಿಲ್ವಾ ನಾನು?" ಅಂದರು. ಇಲ್ಲ, ಹೇಳಿರಲಿಲ್ಲ. ವಿಷಯ ಏನಪ್ಪಾ ಅಂದರೆ, ಕೇಂದ್ರ ಸರ್ಕಾರದ್ದು 2016ರಲ್ಲಿ ಶುರುವಾದ ಎನ್‌ಎಪಿಎಸ್ ಅಂತ, ಅಂದರೆ ಅಪ್ರೆಂಟಿಸ್ ಇಟ್ಟುಕೊಳ್ಳೋಕೆ ಉತ್ತೇಜನ ಕೊಡೋ ಒಂದು ಸ್ಕೀಮ್ ಇದೆ. ಅದರಲ್ಲಿ ಸ್ಟೈಪೆಂಡಿನ ಕಾಲು ಭಾಗ ಸರ್ಕಾರ ಹಾಕುತ್ತದೆ, ಹೆಚ್ಚೆಂದರೆ ತಿಂಗಳಿಗೆ 1,500. ಮುಂಚೆ ಕಂಪನಿ ಪೂರ್ತಿ ಕೊಟ್ಟು ಆಮೇಲೆ ಸರ್ಕಾರದಿಂದ ವಾಪಸ್ ತಗೊಳ್ಳುತ್ತಿತ್ತು. 2023ರ ಆಗಸ್ಟ್‌ನಿಂದ ಆ 1,500 ನೇರ ಹುಡುಗನ ಖಾತೆಗೇ ಬರುತ್ತೆ. ಐಟಿಐನ 7,000ಕ್ಕೆ ಕಾಲು ಭಾಗ ಅಂದರೆ 1,750 ಆಗುತ್ತೆ, ಆದರೆ ಮಿತಿ 1,500 ಇರೋದರಿಂದ ಅಷ್ಟೇ. ಹಾಗಾಗಿ ಕಂಪನಿ 6,500 ಹಾಕಿದೆ, ಉಳಿದ 1,500 ಬೇರೆ ಬರಬೇಕು. ಯಾರೂ ಮೋಸ ಮಾಡಿಲ್ಲ.

ಹಾಗಾದರೆ ಆ 1,500 ಎಲ್ಲಿ? ಪಾಸ್‌ಬುಕ್ ಎಂಟ್ರಿ ಮಾಡಿಸಿದೆವು, ಇಲ್ಲ. ಎರಡನೇ ತಿಂಗಳೂ ಇಲ್ಲ. ಕೊನೆಗೆ ಯಜಮಾನರೇ ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕಿಗೆ ಲಿಂಕ್ ಆಗಿದೆ ಅಂತ ತೆಗೆದು ನೋಡಿದರು. ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ಮಾಡಿಸಿದ್ದ ಹಳೇ ಖಾತೆ! ಸರ್ಕಾರದ ದುಡ್ಡು ನಾವು ಕಂಪನಿಗೆ ಕೊಟ್ಟ ಖಾತೆ ನೋಡಿಕೊಂಡು ಬರಲ್ಲ, ಆಧಾರ್ ಯಾವ ಖಾತೆಗೆ ಜೋಡಿಸಿದೆಯೋ ಅಲ್ಲಿಗೆ ಹೋಗುತ್ತೆ. ಆ ಪಾಸ್‌ಬುಕ್ ತಂಗಿ ಮನೆಯ ಅಟ್ಟದಲ್ಲಿ, ಹಳೇ ಯೂನಿಫಾರ್ಮಿನ ಬ್ಯಾಗಿನಲ್ಲಿ ಸಿಕ್ಕಿತು. ಬ್ಯಾಂಕಿಗೆ ಹೋಗಿ ಎಂಟ್ರಿ ಮಾಡಿಸಿದರೆ 3,000 ಸುಮ್ಮನೆ ಕೂತಿತ್ತು. ಹುಡುಗ ಆವತ್ತು ನನಗೆ ಅರ್ಧ ಕೆಜಿ ಮೈಸೂರು ಪಾಕ್ ತಂದುಕೊಟ್ಟ. ಯಜಮಾನರಿಗೂ ಕೊಟ್ಟ, ಅವರು ಶುಗರ್ ಅಂತ ತಗೊಳ್ಳಲಿಲ್ಲ.

ಈಗ ಅಂಗಡಿಯ ಇನ್ನೊಂದು ತಾಪತ್ರಯ ಹೇಳುತ್ತೇನೆ. ಯಜಮಾನರಿಗೆ ಬಾಯಿ ಜಾಸ್ತಿ. ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತೆ. 30 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಂಪನಿ ಅಪ್ರೆಂಟಿಸ್ ಇಟ್ಟುಕೊಳ್ಳಲೇಬೇಕು, ಒಟ್ಟು ಜನದಲ್ಲಿ ಶೇಕಡ 2.5ರಿಂದ 15ರ ತನಕ, ಇದೇನು ಅವರು ಮಾಡೋ ಉಪಕಾರ ಅಲ್ಲ ಅಂತ ಶುರು ಮಾಡಿದವರು, ನಾಲ್ಕು ಜನಕ್ಕಿಂತ ಕಮ್ಮಿ ಇರುವ ಕಡೆ ಈ ಕಾಯ್ದೆಯಲ್ಲಿ ಅಪ್ರೆಂಟಿಸ್ ಇಟ್ಟುಕೊಳ್ಳೋಕೇ ಆಗಲ್ಲ ಅನ್ನೋ ತನಕ ಬಂದರು. ಬಂದು ನನ್ನ ಮುಖ ನೋಡಿದರು.

"ನಿಮ್ಮ ಅಂಗಡೀಲಿ ಒಂದು ಹುಡುಗಿ ಕೂತಿರ್ತಾಳಲ್ಲಮ್ಮ, ಅವಳಿಗೆ ಎಷ್ಟು ಕೊಡ್ತೀರಿ?"

"ಅವಳು ಕಲಿಯೋಕೆ ಬರೋದು ಸರ್. ಕೈಖರ್ಚಿಗೆ ಅಂತ ಎರಡು ಸಾವಿರ ಕೊಡ್ತೀನಿ."

"ಏನು ಕಲೀತಾಳೆ?"

ಸೀರೆ ಫಾಲ್, ಪೀಕೋ, ಹುಕ್ಕು ಅಂದೆ. ಎಷ್ಟು ದಿನದಿಂದ ಅಂದರು. ಒಂದು ವರ್ಷ ಆಯ್ತು ಅಂದೆ. ಅವರು ಮತ್ತೇನೂ ಹೇಳಲಿಲ್ಲ, ಜೆರಾಕ್ಸ್ ಮಷೀನ್‌ಗೆ ಪೇಪರ್ ತುಂಬೋಕೆ ಹೋದರು. ನನಗೆ ಸಿಟ್ಟು ಬಂತು. ಕೇಳದೇ ಇರೋ ವಿಷಯಕ್ಕೆ ಇವರ್ಯಾಕೆ ಬರಬೇಕು? ಗಿರಾಕಿ ಹತ್ತಿರ ಹೀಗಾ ಮಾತಾಡೋದು? ಆದರೆ ರಾತ್ರಿ ನಾನೇ ಲೆಕ್ಕ ಹಾಕಿದೆ. ಫಾಲ್ ಪೀಕೋಗೆ ಸೀರೆಗೆ 120 ತಗೊಳ್ತೀನಿ, ಅವಳು ದಿನಕ್ಕೆ ನಾಲ್ಕು ಸೀರೆ ಮುಗಿಸ್ತಾಳೆ. ದಾರ, ಕರೆಂಟು, ಬಾಡಿಗೆ ಎಲ್ಲ ಕಳೆದರೂ ಲೆಕ್ಕ ಎರಡು ಸಾವಿರಕ್ಕೆ ಬಂದು ನಿಲ್ಲಲ್ಲ. ಮತ್ತೆ ಫಾಲ್ ಹಾಕೋದರಲ್ಲಿ ವರ್ಷಗಟ್ಟಲೆ ಕಲಿಯೋದು ಏನಿದೆ, ಎರಡು ವಾರದ ಕೆಲಸ. ಬ್ಲೌಸ್ ಕಟಿಂಗ್ ನಾನಿನ್ನೂ ಹೇಳಿಕೊಟ್ಟಿರಲಿಲ್ಲ. ಈಗ ಹೇಳಿಕೊಡುತ್ತಿದ್ದೇನೆ. ದುಡ್ಡೂ ಜಾಸ್ತಿ ಮಾಡಿದ್ದೇನೆ, ಎಷ್ಟು ಅಂತ ಇಲ್ಲಿ ಬರೆಯಲ್ಲ, ಇನ್ನೂ ಸರಿಯಾದ ಲೆಕ್ಕಕ್ಕೆ ಮುಟ್ಟಿಲ್ಲ.

ಹೋಗುವವರಿಗೆ ಎರಡು ಮಾತು. ನಾನು ಮೇಲೆ ಬರೆದ ದರ 2024ರಲ್ಲಿ ನಡೆಯುತ್ತಿದ್ದವು. 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಕೌನ್ಸಿಲ್ 5,000ದಿಂದ 9,000 ಇರುವುದನ್ನು 6,800ರಿಂದ 12,300ಕ್ಕೆ ಏರಿಸಬೇಕು ಅಂತ ಶಿಫಾರಸು ಮಾಡಿತು. ಶಿಫಾರಸು ಬೇರೆ, ನಿಯಮ ಬೇರೆ. ಅದಕ್ಕೇ ಸಹಿ ಹಾಕುವ ದಿನ ಯಾವ ದರ ಇದೆ ಅಂತ ಯಜಮಾನರ ಕೈಲೇ ಪೋರ್ಟಲ್ ತೆಗೆಸಿ ನೋಡಿ. ಬೆಳಿಗ್ಗೆ ಹತ್ತೂವರೆಗೆ ಹೋದರೆ ಕುರ್ಚಿ ಖಾಲಿ ಇರುತ್ತೆ. ಎರಡರಿಂದ ನಾಲ್ಕು ಶಟರ್ ಎಳೆದಿರುತ್ತಾರೆ, ತಟ್ಟಿದರೆ ಬೈತಾರೆ. ಆಧಾರ್‌ಗೆ ಲಿಂಕ್ ಆದ ಫೋನ್ ಯಾರ ಹತ್ತಿರ ಇದೆಯೋ ಅವರನ್ನೂ ಕರಕೊಂಡು ಹೋಗಿ. ಲೆಟರಿನ ಒರಿಜಿನಲ್ ಮಾತ್ರ ಕೊಡಬೇಡಿ, ಜೆರಾಕ್ಸ್ ಕೊಡಿ. ಕೆಂಪು ಪೆನ್ನು ಅವರ ಜೇಬಲ್ಲೇ ಇರುತ್ತೆ.