ಲಾಮಾ ಪಜಲ್ ಸೆಟ್, ನಾಲ್ಕು ವರ್ಷದ ಮಗಳ ಜೊತೆ ಆಡಿದ್ಮೇಲೆ ಬರೀತಿದೀನಿ

ಟೀವೀಲಿ ಲಾಮಾ ನೋಡಿದಾಗಿಂದ ಮಗಳು "ಅಮ್ಮಾ ಇದು ಕುರೀನಾ ಒಂಟೇನಾ" ಅಂತ ಕೇಳ್ತಾನೇ ಇದ್ಲು, ಅದಕ್ಕೇ ಮರದ ಪಜಲ್ಲು ಚಿತ್ರದ ಕಾರ್ಡು ಎರಡೂ ಇರೋ ಈ ಸೆಟ್ ತರಿಸ್ದೆ. ಅವಳ ಪ್ರಶ್ನೆ ಸರಿಯಾಗೇ ಇತ್ತು, ಲಾಮಾ ಒಂಟೆ ಕುಟುಂಬದ್ದೇ, ಡುಬ್ಬ ಇಲ್ಲ ಅಷ್ಟೆ.

ನಂಗೆ ತುಂಬಾ ಹಿಡಿಸಿದ್ದು ದಕ್ಷಿಣ ಅಮೆರಿಕದ ಮ್ಯಾಪು. ಆಂಡೀಸ್ ಬೆಟ್ಟದ ಸಾಲನ್ನ ಉಬ್ಬಿಸಿ ಮಾಡಿದಾರೆ, ಬೆರಳಲ್ಲಿ ಸವರಿದ್ರೆ ಏರು ತಗ್ಗು ಗೊತ್ತಾಗುತ್ತೆ, ಪೆರು ಬೊಲಿವಿಯಾ ತುಂಡು ಜೋಡಿಸಿ ಅದರ ಮೇಲೆ ಪುಟ್ಟ ಲಾಮಾ ನಿಲ್ಲಿಸ್ಬೇಕು. ಅದರ ಕಿವೀಲಿ ಕೆಂಪು ಉಲ್ಲನ್ ಕುಚ್ಚು ಬೇರೆ, ಅಲ್ಲಿನ ಜನ ನಿಜವಾಗ್ಲೂ ಹಂಗೇ ಕಟ್ತಾರೆ. ಬೆನ್ನಿಗೆ ಬಟ್ಟೆ ಚೀಲ ಇದೆ, ಅದಕ್ಕೆ ಹೆಸರುಕಾಳು ತುಂಬಿಸ್ತಾ ಲಾಮಾ ಸುಮಾರು 25-30 ಕೆಜಿ ಹೊರುತ್ತೆ, ಅದಕ್ಕಿಂತ ಜಾಸ್ತಿ ಹೇರಿದ್ರೆ ಕೂತ್ಬಿಡುತ್ತೆ, ಸಿಟ್ಟು ಬಂದ್ರೆ ಉಗಿಯುತ್ತೆ ಅಂದೆ, ಈಗ ದಿನಾ ಅದೇ ಆಟ, ಚೀಲ ತುಂಬಿದ ತಕ್ಷಣ ತಾನೇ ನೆಲದ ಮೇಲೆ ಕೂತು "ಏಳಲ್ಲ" ಅಂತಾಳೆ. ಹಿಂದೆ ಆಂಡೀಸ್ ಕಡೆ ಸಾಮ್ರಾಜ್ಯ ಕಟ್ಟಿದ್ದ ಇಂಕಾ ಜನರ ಹತ್ರ ಕುದುರೆ ಇರ್ಲಿಲ್ಲ, ಬೆಟ್ಟದ ದಾರೀಲಿ ಸಾಮಾನು ಹೊತ್ತಿದ್ದು ಇವೇ ಅನ್ನೋದನ್ನೂ ಹಂಗೇ ಆಟದಲ್ಲೇ ಹೇಳ್ದೆ.

ಒಂದು ತಪ್ಪು ಮಾತ್ರ ಬೇಜಾರಾಯ್ತು. ಲಾಮಾ ಅಂತ ಬರೆದಿರೋ ಒಂದು ಕಾರ್ಡಲ್ಲಿ ಅದರ ಹತ್ತಿರದ ಸಂಬಂಧಿ ಪ್ರಾಣಿ ಅಲ್ಪಾಕದ ಚಿತ್ರ ಇದೆ! ಲಾಮಾ ಕಿವಿ ಬಾಳೆಹಣ್ಣಿನ ಥರ ಬಾಗಿರುತ್ತೆ ಮುಖ ಉದ್ದ, ಅಲ್ಪಾಕ ಗಿಡ್ಡ, ಕಿವಿ ನೆಟ್ಟಗೆ ಚಿಕ್ಕದು. ಮಕ್ಕಳಿಗೆ ಮೊದಲ ಸಲ ಕಲಿಸೋ ವಸ್ತು ಕಣ್ರೀ, ಸರಿ ಇರ್ಲೇಬೇಕು. ನಾನು ಆ ಕಾರ್ಡಿಗೆ ಹೆಸರು ತಿದ್ದಿ ಸ್ಟಿಕ್ಕರ್ ಅಂಟಿಸಿದೀನಿ.

ತುಂಡುಗಳು ದಪ್ಪ, ಅಂಚು ನುಣುಪು, ಐದಕ್ಕೆ ನಾಲ್ಕು ಸ್ಟಾರ್.