ಲಂಡನ್‌ನಿಂದ ಪ್ಯಾರಿಸ್‌ಗೆ: ವಿಮಾನವೋ, ರೈಲೋ?

ಲಂಡನ್‌ನಿಂದ ಪ್ಯಾರಿಸ್‌ಗೆ ನೇರ ದೂರ ಸುಮಾರು 340 ಕಿ.ಮೀ. ಹೆಚ್ಚು ಕಡಿಮೆ ಬೆಂಗಳೂರು–ಮಂಗಳೂರು ರಸ್ತೆಯಷ್ಟೇ. ಲಂಡನ್‌ನ ಹೀಥ್ರೂ ಇಂದ ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣಕ್ಕೆ ವಿಮಾನದ ಸಮಯ ಒಂದೂಕಾಲು ಗಂಟೆ ಅಂತ ಟಿಕೆಟ್ ಹೇಳುತ್ತದೆ. ಸಮುದ್ರದಡಿಯ ಸುರಂಗದಲ್ಲಿ ಹೋಗುವ ಯೂರೋಸ್ಟಾರ್ ರೈಲಿಗೆ ಎರಡೂಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ಹಾಗಾದರೆ ವಿಮಾನವೇ ಬೇಗ, ಅಲ್ವಾ?

ಅಲ್ಲ. ಊರೊಳಗಿಂದ ಹೀಥ್ರೂಗೆ ಮೆಟ್ರೋದಲ್ಲಿ ಹೋದರೆ ಹತ್ತಿರ ಹತ್ತಿರ ಒಂದು ಗಂಟೆ. ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು. ಇಳಿದ ಮೇಲೆ ಪ್ಯಾರಿಸ್ ನಡುವಿಗೆ ಇನ್ನೊಂದು ಅರ್ಧ ಗಂಟೆಯ ಲೋಕಲ್ ರೈಲು. ಯೂರೋಸ್ಟಾರ್ ಆದರೋ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಹತ್ತಿಸಿಕೊಂಡು ಗಾರ್ ದ್ಯು ನಾರ್‌ನಲ್ಲಿ ಇಳಿಸುತ್ತದೆ. ಎರಡೂ ನಿಲ್ದಾಣ ಊರೊಳಗೇ. ಫ್ರೆಂಚ್ ಪಾಸ್‌ಪೋರ್ಟ್ ತಪಾಸಣೆಯೂ ಲಂಡನ್‌ನಲ್ಲೇ ಮುಗಿಯುತ್ತದೆ, ಇಳಿದವರು ಸುಮ್ನೆ ನಡೆದು ಹೊರಗೆ ಬರಬಹುದು.

100 ಮಿ.ಲೀ.ಗಿಂತ ದೊಡ್ಡ ಬಾಟಲಿಯಲ್ಲಿ ದ್ರವ ಒಯ್ಯಬಾರದು ಅನ್ನುವ ನಿಯಮ ರೈಲಿನಲ್ಲಿ ಇಲ್ಲ. ಕೈಚೀಲದಲ್ಲಿ ಶಾಂಪೂ ಬಾಟಲಿ, ನೀರಿನ ಬಾಟಲಿ ಹಾಗೇ ಇರುತ್ತದೆ. ಆದರೆ 'ಸಮುದ್ರದಡಿ ಹೋಗುತ್ತೇವೆ' ಅಂತ ಕಿಟಕಿಗೆ ಮುಖ ಅಂಟಿಸಿ ಕೂರಬೇಡಿ. 50 ಕಿ.ಮೀ. ಸುರಂಗದ ಇಪ್ಪತ್ತು ನಿಮಿಷ ಗಾಜಿನಲ್ಲಿ ಕಾಣುವುದು ನಿಮ್ಮ ಮುಖವೇ.

ಹೀಥ್ರೂ ಹತ್ತಿರವೇ ಮನೆ ಇದ್ದರೆ, ಅಥವಾ ಪ್ಯಾರಿಸ್‌ನಿಂದ ಮುಂದಿನ ವಿಮಾನ ಹಿಡಿಯಬೇಕಿದ್ದರೆ ಮಾತ್ರ ವಿಮಾನ ಸರಿ. ಕೊನೆ ಗಳಿಗೆಯಲ್ಲಿ ಕೊಂಡರೆ ರೈಲಿನ ಟಿಕೆಟ್ ಜೇಬು ಸುಡುತ್ತದೆ, ಅದನ್ನೂ ನೋಡಿಕೊಳ್ಳಿ. ಯಾವುದರಲ್ಲಿ ಹೋದರೂ ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇರೆ ಬೇಕು, ಬ್ರಿಟನ್ ವೀಸಾ ಅಲ್ಲಿ ನಡೆಯುವುದಿಲ್ಲ. ಪ್ಯಾರಿಸ್‌ನ ಗಡಿಯಾರ ಲಂಡನ್‌ಗಿಂತ ಒಂದು ಗಂಟೆ ಮುಂದಕ್ಕೆ.